ನಕ್ಕರೆ ಬ್ಯಾನಿ ಹೋಗ್ತದೇನು?

ರೋಗ ಮತ್ತು ಸಾವಿನ ಪುಸ್ತಕಗಳಲ್ಲಿ ಮೂರು ಬಗೆ. ಹಾಸಿಗೆ ಹಿಡಿದವರೇ ಬರೆದದ್ದು, ಆರೈಕೆ ಮಾಡಿದ ವೈದ್ಯರು ಬರೆದದ್ದು, ಕತೆಗಾರರು ಕಟ್ಟಿದ್ದು. ಅಮೆರಿಕದ ನರಶಸ್ತ್ರವೈದ್ಯ ಪಾಲ್ ಕಲಾನಿಧಿ ಮೊದಲೆರಡು ಸಾಲಿನಲ್ಲೂ ನಿಲ್ಲುತ್ತಾರೆ. ಶ್ವಾಸಕೋಶದ ಕ್ಯಾನ್ಸರಿನಿಂದ ಅವರು 2015ರಲ್ಲಿ ತೀರಿಕೊಂಡರು, ಪುಸ್ತಕ ಬಂದದ್ದು ಮರುವರ್ಷ. ಅತುಲ್ ಗವಾಂಡೆಯವರ 'ಬೀಯಿಂಗ್ ಮಾರ್ಟಲ್' (2014) ಎರಡನೆಯ ಸಾಲಿನದು. ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ 'ಇವಾನ್ ಇಲಿಚ್‌ನ ಸಾವು' ಮೂರನೆಯದು. ಪ್ಲೇಗಿನ ನೆರಳು ಬಿದ್ದ ನಮ್ಮ 'ಸಂಸ್ಕಾರ', 'ಗೃಹಭಂಗ' ಕೂಡ ಅದೇ ಸಾಲಿನವು. ವಿಂಗಡಣೆಗೆ ಇಷ್ಟು ಸಾಕು.

ಇನ್ನು ಬ್ರಿಟನ್ನಿನ ರೇಡಿಯೊ ಹಾಸ್ಯ. ಬಿಬಿಸಿಯ ಸ್ಟುಡಿಯೋದಲ್ಲಿ ನಟರು ಕಾಗದ ಹಿಡಿದು ಓದುತ್ತಾರೆ, ಎದುರಿಗೆ ಕುಳಿತ ಜನ ನಗುತ್ತಾರೆ, ಆ ನಗೆಯ ಸಮೇತ ಕಾರ್ಯಕ್ರಮ ಮನೆಮನೆಗೆ ಹೋಗುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ. ಚಿತ್ರವಿಲ್ಲ, ಬರೀ ಧ್ವನಿ. ಆ 'ಎದುರಿಗೆ ಕುಳಿತ ಜನ'ರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾರೆ.

ಇವೆರಡಕ್ಕೂ ಎಲ್ಲಿಯ ನಂಟು ಎಂದು ಕೇಳುವವರಿಗೆ ನಾನು ಇಂಗ್ಲೆಂಡಿನ ಸರ್ರೆ ಜಿಲ್ಲೆಯ ಮಿಲ್‌ಫರ್ಡ್ ಕ್ಷಯರೋಗ ಆಸ್ಪತ್ರೆಯ ಕತೆ ಹೇಳುತ್ತೇನೆ. 1948ರಲ್ಲಿ ಅಲ್ಲಿ ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್ ಎಂಬ ಇಬ್ಬರು ಹುಡುಗರು ಮಲಗಿದ್ದರು. ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಸಿಂಪ್ಸನ್‌ನ ಸ್ಥಿತಿ ಹಿಂದೊಮ್ಮೆ ಎಷ್ಟು ಕೆಟ್ಟಿತ್ತೆಂದರೆ, ಪಾದ್ರಿ ಬಂದು ಕೊನೆಗಾಲದ ಪ್ರಾರ್ಥನೆಯನ್ನೂ ಮುಗಿಸಿ ಹೋಗಿದ್ದರು. ವಾರ್ಡಿನಲ್ಲಿ ಕಾಲ ಕಳೆಯಲು ಇದ್ದದ್ದು ರೇಡಿಯೊ. ಕೇಳಿ ಕೇಳಿ, ಇದಕ್ಕಿಂತ ಚೆನ್ನಾಗಿ ನಾವೇ ಬರೆಯಬಹುದು ಅನ್ನಿಸಿರಬೇಕು. ಆಸ್ಪತ್ರೆಯ ಒಳಗಷ್ಟೇ ಕೇಳಿಸುತ್ತಿದ್ದ ರೇಡಿಯೊಗೆ ಹಾಸ್ಯ ಬರೆಯತೊಡಗಿದರು. ಅಲ್ಲಿಂದ ಹೊರಬಿದ್ದವರು 1954ರಲ್ಲಿ ಬಿಬಿಸಿಗೆ 'ಹ್ಯಾನ್‌ಕಾಕ್ಸ್ ಹಾಫ್ ಅವರ್' ಬರೆದರು. ಇಂದು ಟಿವಿಯಲ್ಲಿ ನಾವು ನೋಡುವ ಮನೆ-ಮಂದಿಯ ಹಾಸ್ಯ ಧಾರಾವಾಹಿಗಳ ಹಿರೀಕರಲ್ಲಿ ಅದೂ ಒಂದು. ಹೀಗೆ ಆ ಹಾಸ್ಯ ಹುಟ್ಟಿದ್ದು ಕೆಮ್ಮಿನ ವಾರ್ಡಿನಲ್ಲಿ! ಸಿಂಪ್ಸನ್ 2017ರಲ್ಲಿ, ಗಾಲ್ಟನ್ 2018ರಲ್ಲಿ ತೀರಿಕೊಂಡರು, ಇಬ್ಬರೂ ತೊಂಬತ್ತರ ಹತ್ತಿರ ಬಂದು.

ಇದೇ ಕಾಲದ ಇನ್ನೊಬ್ಬ ದೊಡ್ಡ ಹೆಸರು ಸ್ಪೈಕ್ ಮಿಲಿಗನ್. ಈತ ನಮಗೆ ತೀರ ದೂರದವನಲ್ಲ. ಹುಟ್ಟಿದ್ದು ಸೊಲ್ಲಾಪುರದಾಚೆಯ ಅಹ್ಮದನಗರದಲ್ಲಿ, 1918ರಲ್ಲಿ. ತಂದೆ ಬ್ರಿಟಿಷ್ ಸೈನ್ಯದವರು. 1951ರಿಂದ 1960ರವರೆಗೆ ಬಿಬಿಸಿ ರೇಡಿಯೊದಲ್ಲಿ ನಡೆದ 'ದಿ ಗೂನ್ ಶೋ'ದ ಬಹುಪಾಲು ಬರೆದದ್ದು ಅವರೇ. ವಾರವಾರವೂ ಬರೆಯುವ ಒತ್ತಡದ ನಡುವೆ ಮನಸ್ಸು ಮುರಿದು ಆಸ್ಪತ್ರೆ ಸೇರಿದರು, ಮುಂದೆ ಬದುಕಿನುದ್ದಕ್ಕೂ ಉನ್ಮಾದ-ಖಿನ್ನತೆಗಳ ಏರಿಳಿತ ಅನುಭವಿಸಿದರು. 1993ರಲ್ಲಿ ಮನೋವೈದ್ಯ ಆಂಥೊನಿ ಕ್ಲೇರ್ ಜೊತೆ ಸೇರಿ ಖಿನ್ನತೆಯನ್ನು ದಾಟಿ ಬದುಕುವ ಬಗ್ಗೆ ಪುಸ್ತಕವನ್ನೇ ಬರೆದರು. ಕಾಯಿಲೆಯಾಗಿದೆ ಎಂದು ಮೊದಲೇ ಹೇಳಿರಲಿಲ್ಲವೇ ಎಂಬರ್ಥದ ಮಾತು ತಮ್ಮ ಗೋರಿಗಲ್ಲಿನ ಮೇಲೆ ಇರಬೇಕೆಂಬುದು ಅವರ ಆಸೆ. ಇಂಗ್ಲಿಷಿನಲ್ಲಿ ಕೆತ್ತಲು ಚರ್ಚಿನವರು ಒಪ್ಪಲಿಲ್ಲ, ಐರಿಷ್ ಭಾಷೆಯಲ್ಲಾದರೆ ಆಗಬಹುದು ಎಂದರು. ಹಾಗೇ ಕೆತ್ತಿಸಿದರು. ಸತ್ತ ಮೇಲೂ ಒಂದು ಹಾಸ್ಯ ಸೆನ್ಸಾರಿಗೆ ಸಿಕ್ಕಿ ಪಾಸಾಯಿತು.

ನಮ್ಮಲ್ಲಿ ಇಂಥವರು ಇರಲಿಲ್ಲವೆ? ಇದ್ದರು. ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಶುರುಮಾಡಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರು 'ಅನರ್ಥಕೋಶ'ದ ನಾ. ಕಸ್ತೂರಿ ಎಂದು ಹೇಳುವುದುಂಟು. ಕಟ್ಟಿದವರು ಮನಸ್ಸಿನ ಮೇಷ್ಟ್ರು, ಕೈಜೋಡಿಸಿದವರು ನಗೆಯ ಲೇಖಕ! ಅದೇ ಮೈಸೂರಿನಲ್ಲಿ 1921ರಿಂದ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ ಇತ್ತು, ಕ್ಷಯಕ್ಕೆ ಬಲಿಯಾದ ರಾಜಕುಮಾರಿಯ ನೆನಪಿಗೆ ಕಟ್ಟಿದ್ದು. ಅಲ್ಲಿನ ಹಾಸಿಗೆಗಳಿಗೆ ಆ ಆಕಾಶವಾಣಿ ಕೇಳಿಸುತ್ತಿತ್ತೆ? ಯಾರಾದರೂ ಹುಡುಕಬೇಕಾದ ಸಂಗತಿ. ಇತ್ತ ಬೆಂಗಳೂರಿನಲ್ಲಿ ವೈದ್ಯ ಎಂ. ಶಿವರಾಂ, ಅಂದರೆ 'ರಾಶಿ', 1942ರಲ್ಲಿ 'ಕೊರವಂಜಿ' ಹಾಸ್ಯ ಮಾಸಿಕ ಹೊರಡಿಸಿ ಇಪ್ಪತ್ತೈದು ವರ್ಷ ನಡೆಸಿದರು. ಕಸ್ತೂರಿ ಅದಕ್ಕೆ ಬರೆದರು, ಆರ್.ಕೆ. ಲಕ್ಷ್ಮಣ್ ಮೊದಮೊದಲ ವ್ಯಂಗ್ಯಚಿತ್ರ ಬರೆದದ್ದೂ ಅಲ್ಲೇ. ಆದರೆ ರಾಶಿಯವರಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, ಮನೋರೋಗಗಳ ಕುರಿತ 'ಮನಮಂಥನ'ಕ್ಕೆ. ಮಿಲಿಗನ್ ಮತ್ತು ಕ್ಲೇರ್ ಇಬ್ಬರು ಸೇರಿ ಮಾಡಿದ್ದನ್ನು ನಮ್ಮ ಒಬ್ಬರೇ ವೈದ್ಯರು ಅದಕ್ಕೂ ಮುಂಚೆ ಮಾಡಿದ್ದರು.

ಈಗ ಜನ ಎಡವುವ ಜಾಗಕ್ಕೆ ಬರೋಣ. ಗಾಲ್ಟನ್-ಸಿಂಪ್ಸನ್ ಕತೆ ಹೇಳಿ ಮುಗಿಸುವ ಮೊದಲೇ ಯಾರಾದರೊಬ್ಬರು, "ಅಂದ್ರ ನಕ್ಕು ನಕ್ಕು ಕ್ಷಯ ವಾಸಿ ಮಾಡ್ಕೊಂಡ್ರು ಅನ್ರಿ" ಎನ್ನುತ್ತಾರೆ. ಇಲ್ಲ. ಅವರು ಚೇತರಿಸಿಕೊಂಡದ್ದು ಆಸ್ಪತ್ರೆಯ ವರ್ಷಗಟ್ಟಲೆ ಆರೈಕೆಯಲ್ಲಿ. ಕ್ಷಯದ ಸೂಕ್ಷ್ಮಾಣುವಿಗೆ ಹಾಸ್ಯ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು 1943ರಲ್ಲಿ ಪತ್ತೆಯಾದ ಸ್ಟ್ರೆಪ್ಟೊಮೈಸಿನ್, ಆಮೇಲೆ ಬಂದ ಐಸೊನಿಯಾಜಿಡ್, ರಿಫಾಂಪಿಸಿನ್‌ಗಳ ಮಾತು.

ನಗೆಯೇ ಮದ್ದು ಎಂಬ ನಂಬಿಕೆ ಈ ಕಾಲದಲ್ಲಿ ಇಷ್ಟು ಬಲವಾಗಲು ದೊಡ್ಡ ಕಾರಣ ಒಂದು ಪುಸ್ತಕ. ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ 1964ರಲ್ಲಿ ಬೆನ್ನುಮೂಳೆಯ ಕೀಲುಗಳು ಬಿಗಿಯುವ ಕಾಯಿಲೆಗೆ ಬಿದ್ದರು. ಆಸ್ಪತ್ರೆಯಿಂದ ಹೋಟೆಲಿಗೆ ಹಾಸಿಗೆ ಬದಲಿಸಿ, ಮಾರ್ಕ್ಸ್ ಸಹೋದರರ ಹಾಸ್ಯಚಿತ್ರಗಳನ್ನು ಹಾಕಿಸಿಕೊಂಡು ನೋಡಿದರು, ಜೊತೆಗೆ ಹೇರಳವಾಗಿ ಸಿ ಜೀವಸತ್ವ ತೆಗೆದುಕೊಂಡರು. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತು ಎಂದು ಬರೆದರು. ಲೇಖನ 1976ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ, ಪುಸ್ತಕ 1979ರಲ್ಲಿ. ಅವರು ಗುಣವಾದರು, 1990ರವರೆಗೆ ಬದುಕಿದರು.

ಇದರಲ್ಲಿ ಎರಡು ಮಾತು ಬೇರೆ ಬೇರೆ ಇವೆ. ನಕ್ಕಾಗ ನೋವು ಇಳಿಯಿತು ಎಂಬುದು ಒಂದು; ನಕ್ಕದ್ದರಿಂದ ಕಾಯಿಲೆ ಹೋಯಿತು ಎಂಬುದು ಇನ್ನೊಂದು. ಓದಿದವರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟರು. ಎರಡನೆಯದಕ್ಕೆ ಆಧಾರ ತೀರ ತೆಳುವು. ಒಬ್ಬನೇ ರೋಗಿ, ಹೋಲಿಸಲು ಇನ್ನೊಬ್ಬನಿಲ್ಲ. ಕೀಲಿನ ಇಂಥ ಕಾಯಿಲೆಗಳು ತಾವಾಗಿಯೇ ಏರಿ ತಾವಾಗಿಯೇ ಇಳಿಯುವುದುಂಟು. ಅವರಿಗಿದ್ದದ್ದು ಅದೇ ಕಾಯಿಲೆಯೇ ಎಂದು ಮುಂದೆ ಸಂಶಯ ಪಟ್ಟವರೂ ಇದ್ದಾರೆ. ಹಟಮಾರಿ ನಂಬಿಕೆಯೇ ಕೆಲಸ ಮಾಡಿರಬಹುದೆಂದು ಸ್ವತಃ ಕಸಿನ್ಸರೇ ಯೋಚಿಸಿದ್ದರು.

ಮೊದಲನೆಯ ಮಾತು ಮಾತ್ರ ಗಟ್ಟಿ, ಮತ್ತು ನನಗೆ ಬಹಳ ಪ್ರೀತಿಯದು. 2011ರಲ್ಲಿ ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಕೆಲವರಿಗೆ ಹಾಸ್ಯದ ತುಣುಕು, ಕೆಲವರಿಗೆ ಸಪ್ಪೆ ಸಾಕ್ಷ್ಯಚಿತ್ರ ತೋರಿಸಿದರು. ಆಮೇಲೆ ಬಿಪಿ ನೋಡುವ ಪಟ್ಟಿಯಂಥದ್ದನ್ನು ತೋಳಿಗೆ ಬಿಗಿಯುತ್ತ ಹೋಗಿ, ಎಷ್ಟಕ್ಕೆ "ಸಾಕು" ಎನ್ನುತ್ತಾರೆಂದು ಅಳೆದರು. ನಕ್ಕವರು ಹೆಚ್ಚು ತಾಳಿಕೊಂಡರು. ಮುಗುಳುನಗೆ, ಮರ್ಯಾದೆಯ ನಗೆ ಲೆಕ್ಕಕ್ಕಿಲ್ಲ. ಉಸಿರು ಮತ್ತೆ ಮತ್ತೆ ಹೊರಬಿದ್ದು ಪಕ್ಕೆ ದಣಿಯುವ ನಗೆಯೇ ಬೇಕು. ಯಾಕೆ ಹಾಗೆ? ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುವ ನೋವುನಿವಾರಕಗಳಿಗೆ ಎಂಡಾರ್ಫಿನ್ ಎನ್ನುತ್ತಾರೆ. ಮಾರ್ಫೀನ್ ಎಂಬ ಕೀಲಿ ಯಾವ ಬೀಗ ತೆಗೆಯುತ್ತದೋ ಅದೇ ಬೀಗವನ್ನು ತೆಗೆಯುವ ಮನೆಯ ಕೀಲಿ ಅದು. ಫಿನ್ಲೆಂಡಿನ ಟುರ್ಕು ಊರಿನವರು 2017ರಲ್ಲಿ ಹನ್ನೆರಡು ಗಂಡಸರ ಮಿದುಳನ್ನು ಪೆಟ್ ಸ್ಕ್ಯಾನ್‌ನಲ್ಲಿ ನೋಡಿದರು, ಒಮ್ಮೆ ಗೆಳೆಯರೊಡನೆ ಕೂತು ನಕ್ಕ ಮೇಲೆ, ಒಮ್ಮೆ ಒಬ್ಬರೇ ಸುಮ್ಮನೆ ಕೂತ ಮೇಲೆ. ನಕ್ಕ ಮೇಲೆ ಆ ಬೀಗಗಳು ಹೆಚ್ಚು ತೆರೆದಿದ್ದವು. ಹನ್ನೆರಡೇ ಜನ ಎಂಬುದನ್ನು ಮರೆಯಬೇಡಿ. ಆದರೂ ಸಂಗತಿ ತಿಳಿಯಿತು: ನಗೆ ಗಡ್ಡೆಯನ್ನು ಮುಟ್ಟುವುದಿಲ್ಲ, ನೋವು ತಾಳುವ ಬಲವನ್ನು ತುಸು ಹೊತ್ತು ಎತ್ತಿ ಹಿಡಿಯುತ್ತದೆ.

(ಹೊಟ್ಟೆಯ ಆಪರೇಷನ್ ಆಗಿ ಹೊಲಿಗೆ ಇನ್ನೂ ಹಸಿ ಇದ್ದವರ ಮುಂದೆ ಈ ವಿಜ್ಞಾನ ಪ್ರಯೋಗಿಸಬೇಡಿ. ನಗಿಸಲೇಬೇಕೆಂದಿದ್ದರೆ ಮೊದಲು ಹೊಟ್ಟೆಗೊತ್ತಿ ಹಿಡಿಯಲು ಒಂದು ತಲೆದಿಂಬು ಕೊಡಿ.)

ಈಗ ಸ್ಟುಡಿಯೋದ ಆ ಜನ. ಒಂಟಿಯಾಗಿ ಇದ್ದಾಗಿಗಿಂತ ನಾಲ್ವರ ನಡುವೆ ನಾವು ಸುಮಾರು ಮೂವತ್ತು ಪಟ್ಟು ಹೆಚ್ಚು ನಗುತ್ತೇವೆ ಎಂದು ಅಮೆರಿಕದ ರಾಬರ್ಟ್ ಪ್ರೊವೈನ್ ತೋರಿಸಿದರು. ಇನ್ನೊಬ್ಬರ ನಗೆ ಕಿವಿಗೆ ಬಿದ್ದರೆ ಸಾಕು, ನಮ್ಮ ಮುಖದ ಸ್ನಾಯುಗಳಿಗೆ ಅಪ್ಪಣೆ ಕೊಡುವ ಮಿದುಳಿನ ಭಾಗ ಸಿದ್ಧವಾಗುತ್ತದೆ ಎಂದು ಲಂಡನ್ನಿನ ಸೋಫಿ ಸ್ಕಾಟ್ ಮತ್ತು ಸಂಗಡಿಗರು 2006ರಲ್ಲಿ ಕಂಡುಕೊಂಡರು. ಹಾಸಿಗೆ ಹಿಡಿದವರಿಗೆ ರೇಡಿಯೊ ಹಾಸ್ಯ ಒಗ್ಗುವುದು ಇದಕ್ಕೇ ಎಂಬುದು ನನ್ನ ಲೆಕ್ಕ. ಕಣ್ಣು ತೆರೆಯಬೇಕಿಲ್ಲ, ಕತ್ತು ಎತ್ತಬೇಕಿಲ್ಲ, ದೀಪ ಆರಿಸಿಯೂ ಕೇಳಬಹುದು. ಜೊತೆಗೆ ನಗಲು ನೂರು ಜನ ಇರುತ್ತಾರೆ. ಬ್ರಿಟನ್ನಿನಲ್ಲಿ ಯಾರ್ಕ್ ಊರಿನ ಆಸ್ಪತ್ರೆಯಿಂದ ಶುರುವಾಗಿ, ರೋಗಿಗಳಿಗೆಂದೇ ರೇಡಿಯೊ ನಡೆಸುವ ಪದ್ಧತಿ ಸುಮಾರು ನೂರು ವರ್ಷದಿಂದ ಇದೆ. ನಮ್ಮಲ್ಲಿ ಕಲಬುರಗಿ ಆಕಾಶವಾಣಿ 1966ರಿಂದ ಇದೆ, ಆಸ್ಪತ್ರೆಗಳೂ ಇವೆ. ಎರಡರ ನಡುವೆ ಒಂದು ತಂತಿ ಎಳೆಯಬೇಕು.

ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ದೊಡ್ಡ ಬ್ಯಾನಿ ಎಂದು ಗೊತ್ತಾದ ದಿನದಿಂದ ಕಲಬುರಗಿಗೋ ಬಾರ್ಶಿಗೋ ಹೈದರಾಬಾದಿಗೋ ಓಡಾಟ ಶುರು. ಫೈಲು ಹಿಡಿದ ಮಗ ಡಾಕ್ಟರರ ಕಿವಿಯಲ್ಲಿ ಹೇಳುವ ಮೊದಲ ಮಾತು, "ಅಪ್ಪಗ ಹೇಳಬ್ಯಾಡ್ರಿ ಸರ್". ಅಪ್ಪನಿಗೆ ಎಲ್ಲ ಗೊತ್ತಿರುತ್ತದೆ. ಮಗನಿಗೆ ನೋವಾದೀತೆಂದು ಅವನೂ ಸುಮ್ಮನಿರುತ್ತಾನೆ. ಅಲ್ಲಿಗೆ ಮನೆಯ ನಗೆ ನಿಂತಿತು. ಗುಟ್ಟು ಕಾಯುವವರು ನಗಲಾರರು, ಎಲ್ಲಿ ಬಾಯಿ ತಪ್ಪೀತೋ ಎಂಬ ಭಯ. ಟಾಲ್‌ಸ್ಟಾಯ್ ಕತೆಯಲ್ಲಿ ಇವಾನ್ ಇಲಿಚ್‌ನನ್ನು ಹೆಚ್ಚು ಕಾಡುವುದು ಇದೇ ಸುಳ್ಳು. ಸುಳ್ಳು ಹೇಳದೆ ಇರುವವನು ಗೆರಾಸಿಮ್ ಎಂಬ ಹಳ್ಳಿಯ ಆಳು ಹುಡುಗನೊಬ್ಬನೇ, ರೋಗಿಗೆ ನೆಮ್ಮದಿ ಸಿಗುವುದೂ ಅವನ ಹತ್ತಿರವೇ.

ಗುಟ್ಟಿಲ್ಲದ ಮನೆಯ ಮಾತು ಬೇರೆಯೇ ಇರುತ್ತದೆ. ಹಾಸಿಗೆ ಹಿಡಿದ ಮುದುಕರನ್ನು ನೋಡಲು ಅಣ್ಣನ ಮಗ ಬಂದ ಅನ್ನಿ.

"ಹ್ಯಾಂಗಿದ್ದೀರಿ ಕಾಕಾ?"

"ಮಣ್ಣಿಗಿ ಬಂದೀ ಏನಪಾ? ಇನ್ನಾ ಟೈಮ್ ಅದ. ಚಾ ಕುಡದು ಹೋಗು."

"ನೀವೇ ಎದ್ದು ಮಾಡಿ ಕೊಡ್ತೀರಂದ್ರ ಕುಡೀತೀನಿ ಕಾಕಾ."

ಇಲ್ಲಿ ಗಮನಿಸಬೇಕಾದದ್ದು ಸರದಿ. ಸಾವಿನ ಮಾತು ಮೊದಲು ತೆಗೆದದ್ದು ಕಾಕಾ. ಹುಡುಗ ಅದನ್ನು ತಳ್ಳಿಹಾಕಲಿಲ್ಲ, "ಹಂಗನಬ್ಯಾಡ್ರಿ" ಎಂದು ಬಾಯಿ ಮುಚ್ಚಿಸಲಿಲ್ಲ, ಸಿಕ್ಕ ಎಳೆ ಹಿಡಿದು ಮುಂದುವರಿಸಿದ. ಇದೇ ಮಾತನ್ನು ಅವನೇ ಮೊದಲು ಆಡಿದ್ದರೆ ಮನೆಯವರು ಹೊರಗೆ ಹಾಕುತ್ತಿದ್ದರು, ಸರಿಯಾಗಿಯೇ. ಮಿಲಿಗನ್‌ರ ಗೋರಿಗಲ್ಲು ನಗಿಸುವುದೂ ಅದು ಅವರದೇ ಮಾತಾದ್ದರಿಂದ.

ಮರಣವನ್ನೇ ಹಬ್ಬವೆಂದ ಶರಣರು ಓಡಾಡಿದ ನೆಲದಲ್ಲಿ ಇದೆಲ್ಲ ಪರದೇಶದ ಸಂಗತಿಯಲ್ಲ. ಕಲ್ಯಾಣ ಕರ್ನಾಟಕದ ಮೊಹರಮ್ ನೋಡಿ. ಕರ್ಬಲಾದಲ್ಲಿ ಮಡಿದವರಿಗಾಗಿ ರಿವಾಯತ್ ಪದ ಹಾಡುತ್ತ ಜನ ಕಣ್ಣೀರು ಹಾಕುತ್ತಾರೆ, ಅದೇ ಗುಂಪಿನಲ್ಲಿ ಮೈಗೆ ಮಸಿ ಬಳಿದುಕೊಂಡ ಸೋಗಿನವರು ಮಕ್ಕಳನ್ನು ಹೆದರಿಸಿ ನಗಿಸುತ್ತಾರೆ. ತುಂಬು ಬಾಳು ಬಾಳಿ ಹೋದವರ ಮನೆಯ ಮುಂದೆ ರಾತ್ರಿಯಿಡೀ ಭಜನಿ ನಡೆದಾಗ, ಪದ-ಪದದ ನಡುವೆ ಸತ್ತವರ ಹಳೇ ಕಿತಾಪತಿಗಳ ಕತೆಗಳು ಹೊರಬರುತ್ತವೆ. ಹೆಣದ ಮುಂದೆ ನಗೆ ಅಪಚಾರ ಎನ್ನುವವರು ಆ ಭಜನಿಯಲ್ಲಿ ಕೂತವರಲ್ಲ.

ಇಷ್ಟು ಹೇಳಿಯೂ ಒಂದು ಹೆದರಿಕೆ ಉಳಿಯುತ್ತದೆ: ನಗೆಯ ಹೆಸರಲ್ಲಿ ಗುಳಿಗೆ ನಿಲ್ಲಿಸುವವರು. ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಮಾರ್ಫೀನ್ ಬೇಕಾದರೆ ಮಾರ್ಫೀನೇ ಬೇಕು. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಅದು ರೋಗಿಗಳಿಗೆ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಚಟ ಹತ್ತೀತೆಂಬ ಭಯದಿಂದ ಸಾಯುವವರನ್ನು ನರಳಿಸುವುದಕ್ಕೆ ಅರ್ಥವಿಲ್ಲ. ಗುಳಿಗೆ ಕೊಡಿ, ಆಮೇಲೆ ರೇಡಿಯೊ ಹಚ್ಚಿ.

ಬೀದರ್, ಕಲಬುರಗಿಯ ವಿಶ್ವವಿದ್ಯಾಲಯಗಳಲ್ಲಿ ಜನಪದ, ಮನಃಶಾಸ್ತ್ರ, ನರ್ಸಿಂಗ್ ಓದುವ ಮಕ್ಕಳಿಗೆ ನನ್ನದೊಂದು ಬೇಡಿಕೆ. ಬ್ರಿಟನ್ನಿನವರ ಹಾಸ್ಯ ಅವರ ದಾಖಲೆ ಭಂಡಾರದಲ್ಲಿ ಭದ್ರವಾಗಿದೆ; ನಮ್ಮ ಕಾಕಾ-ಕಾಕಿಯರು ಹಾಸಿಗೆಯಿಂದ ಹಾರಿಸಿದ ಮಾತುಗಳು ಅವರ ಜೊತೆಗೇ ಮಣ್ಣಿಗೆ ಹೋಗುತ್ತಿವೆ. ಕೂತು ಬರೆದುಕೊಳ್ಳಿ. ನಗೆಯ ಮಾತು ಮೊದಲು ತೆಗೆದವರು ರೋಗಿಯೋ, ನೋಡಲು ಬಂದವರೋ? ರೋಗಿಗೆ ತನ್ನ ಕಾಯಿಲೆ ಗೊತ್ತಿತ್ತೆ? ಸುತ್ತ ಎಷ್ಟು ಜನ ಇದ್ದರು? ಅಂದು ರಾತ್ರಿ ನಿದ್ದೆ ಎಷ್ಟು ಬಂತು, ನೋವಿನ ಗುಳಿಗೆ ಎಷ್ಟು ಬೇಕಾಯಿತು? ಕೇಳುವ ಮೊದಲು ಒಪ್ಪಿಗೆ ಪಡೆಯಿರಿ, ಹೆಸರು ಬರೆಯಬೇಡಿ, ಮತ್ತು ಅವರು ನಿಮ್ಮ ಮೇಲೆಯೇ ಒಂದು ಹಾಸ್ಯ ಹಾರಿಸಿದರೆ ಅದನ್ನೂ ಬಿಡದೆ ಬರೆದುಕೊಳ್ಳಿ.