ಕುದುರೆ ಏರುವ ಮುನ್ನ ಕಷಾಯ ಕುಡಿಯಬೇಕೆ?

‘ಕುದುರೆ ಕಂಡರೆ ಕಾಲುನೋವು’ ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ಏರಿ ಕೂರುವ ಸೌಕರ್ಯ ಕಂಡೊಡನೆ ಕಾಲು ನಡೆಯಲೊಲ್ಲೆ ಎನ್ನುತ್ತದಂತೆ. ಆದರೆ ಸೋದರಿಯರೇ, ಮೊದಲ ಸಲ ಕುದುರೆ ಏರಲು ನಿಂತ ಹುಡುಗಿಯನ್ನು ಕೇಳಿ ನೋಡಿ. ನೋಯುವುದು ಕಾಲಲ್ಲ, ಡವಡವ ಹೊಡೆದುಕೊಳ್ಳುವುದು ಎದೆ!

ಕೊಪ್ಪಳ ಸೀಮೆಯವರಿಗೆ ಕುದುರೆಯೇನೂ ಹೊಸದಲ್ಲ. ಕುರಿಹಿಂಡಿನ ಸಂಗಡ ಗಂಟುಮೂಟೆ ಹೊತ್ತು ನಡೆಯುವ ತಟ್ಟುಗಳನ್ನು ನಾವೆಲ್ಲ ಕಂಡವರೇ. ಯಲಬುರ್ಗಾ ಕಡೆ ಕುದರಿಮೋತಿ ಎಂಬ ಊರೇ ಇದೆ. ಗಂಗಾವತಿ ಬಳಿಯ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿಯ ಹಜಾರರಾಮ ಗುಡಿಯ ಪೌಳಿಯ ಮೇಲೆ ಸಾಲುಸಾಲಾಗಿ ಕುದುರೆಗಳನ್ನು ಕೆತ್ತಿದ್ದಾರೆ. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು 16ನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ.

ಈಗ ನಮ್ಮ ಹೆಣ್ಣುಮಕ್ಕಳೂ ಜೀನು ಏರುತ್ತಿದ್ದಾರೆ. ಬೆಂಗಳೂರಿನ ಹೆಬ್ಬಾಳದ ಎನ್.ಸಿ.ಸಿ. ಅಶ್ವದಳದಲ್ಲಿ ವಿದ್ಯಾರ್ಥಿನಿಯರೂ ಸವಾರಿ ಕಲಿಯುತ್ತಾರೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಕುದುರೆ ಸವಾರಿಯ ಚಿನ್ನ 41 ವರ್ಷಗಳ ನಂತರ ಭಾರತಕ್ಕೆ ಬಂತು. ಆ ನಾಲ್ವರ ತಂಡದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್ ಎಂಬ ಇಬ್ಬರು ಹುಡುಗಿಯರಿದ್ದರು.

ಮಗಳು ಕುದುರೆ ಏರುತ್ತಾಳೆಂದರೆ ತಾಯಿಗೆ ಹೆಮ್ಮೆ, ಜೊತೆಗೇ ಅಂಜಿಕೆ. ಆಗ ನೆನಪಾಗುವುದು ಅಡುಗೆಮನೆಯ ಮದ್ದಿನ ಡಬ್ಬಿ.

ಅಜ್ಜಿಯ ಜಾಜಿಕಾಯಿ ಹಾಲು

ನಮ್ಮ ಬಳಗದ ಹುಡುಗಿಯೊಬ್ಬಳು ಸವಾರಿ ಕಲಿಯಲು ಸೇರಿ, ಎರಡನೆಯ ದಿನವೇ ಜಾರಿ ಕೆಳಗೆ ಬಿದ್ದಳು. ಪೆಟ್ಟೇನೂ ಆಗಲಿಲ್ಲ, ಆದರೆ ಧೈರ್ಯ ಹೋಯಿತು. ರಜೆಗೆ ಊರಿಗೆ ಬಂದವಳು, “ಕುದುರಿ ನೆನಿಸಿಕೊಂಡ್ರ ಸಾಕು, ಕೈಕಾಲು ನಡಗತಾವು” ಅಂದಳು. “ಮುಂಜಾನೆ ಜಾಜಿಕಾಯಿ ತೇಯ್ದ ಹಾಲು ಕುಡದು ಹೋಗವ್ವಾ, ಜೀವ ತಣ್ಣಗಾಗ್ತೈತಿ” ಎಂದರು ಅಜ್ಜಿ. ಅವಳ ತಾಯಿ ಮಾತ್ರ, “ಬ್ಯಾಡ್ರೀ ಅತ್ತಿ, ತೂಕಡಿಸಿ ಮತ್ತ ಬಿದ್ದರ ಏನು ಮಾಡೋದು?” ಅಂದರು.

ಆ ತಾಯಿಯ ಮಾತೇ ಸರಿ. ಅಜ್ಜಿಯ ಮದ್ದು ಸುಳ್ಳಲ್ಲ, ಅದನ್ನು ಕೊಡುವ ಹೊತ್ತು ಮಾತ್ರ ತಪ್ಪು. ಮನಸ್ಸು ತಣ್ಣಗಾಗಿಸುವ ನಮ್ಮ ಮನೆಮದ್ದುಗಳಲ್ಲಿ ಹೆಚ್ಚಿನವು ನಿದ್ದೆಯ ಮದ್ದುಗಳು. ಜೀನಿನ ಮೇಲೆ ಬೇಕಾದದ್ದು ನಿದ್ದೆಯಲ್ಲ, ಎಚ್ಚರ.

ಯಾವ ಮದ್ದು ಯಾವಾಗ?

ಜಾಜಿಕಾಯಿ: ರಾತ್ರಿ ಹಾಲಿಗೆ ಒಂದೆರಡು ಸುತ್ತು ತೇಯ್ದು ಹಾಕಿದರೆ ಸಾಕು. ಹೆಚ್ಚಾದರೆ ವಾಂತಿ, ಎದೆಬಡಿತ, ಭ್ರಮೆ ಕಾಣಿಸಿಕೊಂಡು ಗಂಟೆಗಟ್ಟಲೆ ಬಿಡುವುದಿಲ್ಲ. ಬೆಳಿಗ್ಗೆ ಬೇಡವೇ ಬೇಡ.

ಗಸಗಸೆ: ಹಬ್ಬದ ದಿನ ಪಾಯಸ ಉಂಡು ಚಾಪೆ ಹುಡುಕುವ ಗಂಡಸರನ್ನು ನೀವೇ ನೋಡಿದ್ದೀರಿ. ಸವಾರಿಗೆ ಮುಂಚೆ ಇದೂ ಬೇಡ.

ಅಶ್ವಗಂಧ: ಇದು ನಮ್ಮ ಒಣಭೂಮಿಯಲ್ಲೂ ಬೆಳೆಯುವ ಹಿರೇಮದ್ದಿನ ಗಿಡ. ಬೇರಿಗೆ ಕುದುರೆಯ ವಾಸನೆ ಇರುವುದರಿಂದ ಈ ಹೆಸರು. ಹೆಸರಲ್ಲಿ ಕುದುರೆ ಇದೆಯೆಂದು ಸವಾರಿಯ ಮದ್ದೆಂದು ತಿಳಿಯಬೇಡಿ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ‘ಸೋಮ್ನಿಫೆರಾ’ ಎನ್ನುತ್ತಾರೆ, ನಿದ್ದೆ ತರುವುದು ಎಂದರ್ಥ. ಒಂದು ಗುಟುಕಿಗೆ ಧೈರ್ಯ ಬರುವ ಮದ್ದಲ್ಲ ಇದು, ವಾರಗಟ್ಟಲೆ ತೆಗೆದುಕೊಳ್ಳುವಂಥದ್ದು. ಗರ್ಭಿಣಿಯರು ಮುಟ್ಟಬಾರದು. ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ.ಪಿ., ನಿದ್ದೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಅಪರೂಪಕ್ಕೆ ಯಕೃತ್ತಿಗೆ ತೊಂದರೆಯಾದದ್ದೂ ಉಂಟು. ಡೆನ್ಮಾರ್ಕ್ ದೇಶ 2023ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು.

ಒಂದೆಲಗ: ಊಟದಲ್ಲಿ ಚಟ್ನಿ, ತಂಬುಳಿಯಾಗಿ ತಿನ್ನುವುದಕ್ಕೆ ಅಡ್ಡಿಯಿಲ್ಲ. ಪರೀಕ್ಷೆಯ ದಿನ ಮುಂಜಾನೆ ಪಾಠ ಓದಿದಂತೆ, ಸವಾರಿಯ ದಿನವೇ ತಿಂದರೆ ಫಲವಿಲ್ಲ ಅಷ್ಟೆ.

ಪರದೇಶಗಳಲ್ಲಿ ಇದೇ ಕೆಲಸಕ್ಕೆ ವಲೇರಿಯನ್ ಎಂಬ ಬೇರನ್ನು ಬಳಸುತ್ತಾರೆ, ನಮ್ಮ ತಗರದ ಜಾತಿಯದು. ಅಂತರರಾಷ್ಟ್ರೀಯ ಸ್ಪರ್ಧೆಗೆ ಬರುವ ಕುದುರೆಯ ಮೈಯಲ್ಲಿ ಅದರ ಅಂಶ ಇರಕೂಡದೆಂಬ ನಿಯಮವಿದೆ. ಕುದುರೆಗೇ ಸಲ್ಲದ ಬೇರು ಸವಾರಳಿಗೆ ಏಕೆ ಹೇಳಿ?

ಕುದುರೆಗೆ ತಿಳಿಯುತ್ತದೆ

ಸವಾರಳ ಅಂಜಿಕೆ ಅವಳೊಬ್ಬಳದೇ ಅಲ್ಲ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗದಲ್ಲಿ, ಕುದುರೆ ಹತ್ತಿದವರಿಗೆ “ಈ ಸಲ ಕುದುರೆಯ ಮುಂದೆ ಕೊಡೆ ಬಿಚ್ಚುತ್ತೇವೆ” ಎಂದು ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತ ಏರಿತು, ಕುದುರೆಗಳದ್ದೂ ಏರಿತು!

ಅಂಜಿದವರು ಕಾಲನ್ನು ಬಿಗಿಯಾಗಿ ಒತ್ತುತ್ತಾರೆ, ಕುದುರೆಗೆ ಅದು ‘ಓಡು’ ಎಂಬ ಅಪ್ಪಣೆ. ಜೊತೆಗೇ ಲಗಾಮು ಜಗ್ಗುತ್ತಾರೆ, ಅದು ‘ನಿಲ್ಲು’ ಎಂಬ ಅಪ್ಪಣೆ. ಎರಡೂ ಒಟ್ಟಿಗೆ ಕೊಟ್ಟರೆ ಪಾಪ, ಆ ಮೂಕಪ್ರಾಣಿ ಏನು ಮಾಡೀತು? ನಮ್ಮ ಹುಡುಗಿ ಬಿದ್ದದ್ದೂ ಹೀಗೆಯೇ. ರಜೆ ಮುಗಿಸಿ ಹೋದ ಮೇಲೆ ಕಲಿಸುವವರು ಅವಳನ್ನು ವಾರವಿಡೀ ಜೀನು ಹತ್ತಿಸಲಿಲ್ಲ. ದಿನಾ ಕುದುರೆಯ ಮೈ ಉಜ್ಜುವುದು, ಮೇವು ಹಾಕುವುದು, ಹಿಡಿದು ನಡೆಸುವುದು, ಇಷ್ಟೇ ಕೆಲಸ. ಎಂಟನೆಯ ದಿನ, ಅವರು ಹಗ್ಗ ಹಿಡಿದು ನಿಂತಿರಲು, ಅವಳಾಗಿಯೇ ಹತ್ತಿದಳಂತೆ.

ಹೀಗೆ ಮಾಡಿ

* ಹಿಂದಿನ ರಾತ್ರಿ ಬೇಗ ಊಟ, ಬಿಸಿ ಹಾಲು, ತುಂಬಾ ನಿದ್ದೆ. ಮುಖ್ಯ ಮದ್ದು ಇದೇ.

* ಬೆಳಿಗ್ಗೆ ಖಾಲಿ ಹೊಟ್ಟೆ ಬೇಡ. ಸವಾರಿಗೆ ಒಂದೂವರೆ ತಾಸು ಮುಂಚೆ ಒಂದು ರೊಟ್ಟಿಯೋ ಎರಡು ಇಡ್ಲಿಯೋ ತಿನ್ನಲಿ. ಮೇಲಿಂದ ಮೇಲೆ ಚಹಾ, ಕಾಫಿ ಕುಡಿದರೆ ಕೈನಡುಕ ಹೆಚ್ಚೀತು.

* ಕುದುರೆಯ ಹಿಂದಿನಿಂದ ಹೋಗದೆ, ಎಡಭುಜದ ಕಡೆಯಿಂದ ಮಾತಾಡಿಸುತ್ತಾ ಹತ್ತಿರ ಹೋಗಲಿ.

* ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ಬಿಡಲಿ. ಹೀಗೆ ಹತ್ತು ಸಲ. ಜೀನಿನ ಮೇಲೆ ಮೆಲ್ಲಗೆ ಹಾಡು ಗುನುಗಿದರೂ ಆದೀತು, ಹಾಡುವಾಗ ಉಸಿರು ಬಿಗಿಹಿಡಿಯಲು ಬರುವುದಿಲ್ಲ.

* ಗದ್ದಕ್ಕೆ ಪಟ್ಟಿ ಬಿಗಿದ ಹೆಲ್ಮೆಟ್, ಹಿಮ್ಮಡಿಯಿರುವ ಬೂಟು ತಪ್ಪದೇ ಇರಲಿ.

* ಪ್ರತಿ ರಾತ್ರಿ ನಿದ್ದೆ ಬಾರದಷ್ಟು, ಊಟ ಸೇರದಷ್ಟು ಅಂಜಿಕೆಯಿದ್ದರೆ ಮನೆಮದ್ದಿನಲ್ಲೇ ಕಾಲ ಕಳೆಯದೆ ವೈದ್ಯರಿಗೆ ತೋರಿಸಿ.

ಏನಾದರೂ ಮಾಡಿಕೊಡಲೇಬೇಕು ಅಂತ ತಾಯಿಯ ಕೈ ಕೇಳುತ್ತದಲ್ಲವೇ? ಹಾಗಿದ್ದರೆ ತೂಕಡಿಕೆ ತಾರದ ಈ ಕಷಾಯ ಮಾಡಿಕೊಡಿ. ಹುರಿದ ಧನಿಯಾ 2 ಚಮಚ, ಜೀರಿಗೆ 1 ಚಮಚ ಕುಟ್ಟಿಕೊಳ್ಳಿ. ಜಜ್ಜಿದ ಸಣ್ಣ ಶುಂಠಿ ತುಂಡು, 5-6 ತುಳಸಿ ಎಲೆ ಸೇರಿಸಿ, 2 ಲೋಟ ನೀರು ಒಂದೂವರೆ ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಬೆಲ್ಲ ಹಾಕಿ ಸೋಸಿ, ಬೇಕಾದರೆ ಸ್ವಲ್ಪ ಹಾಲು ಬೆರೆಸಿ. ಇದು ಧೈರ್ಯದ ಮದ್ದಲ್ಲ, ಹೊಟ್ಟೆಯ ತಳಮಳ ತುಸು ಇಳಿದೀತು.

“ನಮ್ಮ ಮನ್ಯಾಗ ಕುದುರಿ ಎಲ್ಲೈತ್ರಿ?” ಎಂದು ಕುಷ್ಟಗಿಯ ಸೋದರಿಯೊಬ್ಬರು ಕೇಳಬಹುದು. ಬಾಗಿಲ ಮುಂದೆ ಸ್ಕೂಟಿ ನಿಂತಿದೆಯಲ್ಲ, ಅದೇ ನಮ್ಮ ಕುದುರೆ! ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ ಅದನ್ನು ಕಲಿಯಲು ಹೊರಟವರ ಎದೆಯೂ ಹೀಗೆಯೇ ಡವಡವ. ಅವರಿಗೂ ಇದೇ ಮಾತು. ನಿದ್ದೆ ತರುವ ಯಾವ ಮದ್ದನ್ನೂ ಕುಡಿದು ಗಾಡಿ ಹತ್ತಬೇಡಿ. ಖಾಲಿ ಮೈದಾನದಲ್ಲಿ, ನಂಬಿಗಸ್ತರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ದಿನಕ್ಕೆ ಅರ್ಧ ತಾಸು ಕಲಿಯಿರಿ. ರೂಢಿ ಆದಂತೆ ಅಂಜಿಕೆ ತಾನಾಗಿ ಇಳಿಯುತ್ತದೆ.