ಮನೆಯಂಗಳದ ಗುಲಾಬಿ

ಮನೆಯ ಮುಂದೆ ನಾಲ್ಕು ಹೂವಿನ ಗಿಡಗಳಿರಬೇಕೆಂಬುದು ನಮ್ಮ ಹಿರಿಯರ ಕಾಲದಿಂದ ಬಂದ ಆಸೆ. ದಾಸವಾಳ, ಕಣಗಿಲೆ, ಮಲ್ಲಿಗೆಗಳು ಒಮ್ಮೆ ಬೇರೂರಿದರೆ ಹೆಚ್ಚಿನ ಉಪಚಾರವನ್ನು ಬೇಡದೆ ವರ್ಷಗಟ್ಟಲೆ ಹೂ ಕೊಡುತ್ತವೆ. ಗುಲಾಬಿಯ ಸ್ವಭಾವ ಬೇರೆ. ಕೊಂಡು ತಂದ ವರ್ಷ ಅಂಗೈಯಗಲದ ಹೂ ಬಿಟ್ಟ ಗಿಡ, ಮೂರನೆಯ ವರ್ಷಕ್ಕೆ ಆಳೆತ್ತರ ಬೆಳೆದು, ಮೈತುಂಬ ಮುಳ್ಳು ತಳೆದು, ಒಂದು ಮೊಗ್ಗನ್ನೂ ತೋರದೆ ನಿಲ್ಲುವುದು ಅನೇಕ ಮನೆಗಳ ಅನುಭವ. ಆಗ ‘ನಮ್ಮ ಮಣ್ಣಿಗೆ ಗುಲಾಬಿ ಒಗ್ಗುವುದಿಲ್ಲ’ ಎಂದು ಅದನ್ನು ಕಿತ್ತೊಗೆಯುತ್ತೇವೆ. ಹಲವು ವೇಳೆ ದೋಷ ಮಣ್ಣಿನದಲ್ಲ. ಗಿಡದ ಗುಟ್ಟನ್ನು ಅರಿಯದ ನಮ್ಮದು.

ಧಾರವಾಡದ ನಮ್ಮ ಮನೆಯ ಹಿತ್ತಲಿನಲ್ಲಿ ಅತ್ತೆಯವರು ನೆಟ್ಟ ಕಡುಗೆಂಪು ಗುಲಾಬಿಯೊಂದಿತ್ತು. ಅವರ ಪೂಜೆಯ ಹೂ ಆ ಗಿಡದಿಂದಲೇ ಬರುತ್ತಿತ್ತು. ಅವರು ಲಿಂಗೈಕ್ಯರಾದ ಮೇಲೆ ನಾವು ತಪ್ಪದೆ ನೀರು ಹಾಕಿದೆವು, ಗೊಬ್ಬರ ಹಾಕಿದೆವು. ಎರಡನೆಯ ಮಳೆಗಾಲದಲ್ಲಿ ಬುಡದಿಂದ ಕೋಲಿನಂಥ ಚಿಗುರುಗಳು ಎದ್ದವು. ಗಿಡ ಹುಲುಸಾಯಿತೆಂದು ಹಿಗ್ಗಿದೆವು. ಮರುವರ್ಷ ಹೂವೇ ಇಲ್ಲ. ಯಜಮಾನರು ಬೇಸತ್ತು ಗುದ್ದಲಿ ತಂದ ದಿನ, ತೋಟಗಾರಿಕೆಯಲ್ಲಿ ನುರಿತ ನೆರೆಮನೆಯ ಹಿರಿಯರೊಬ್ಬರು ಬೇಲಿಯಾಚೆಯಿಂದ ನೋಡಿ ಒಳಗೆ ಬಂದರು. ಬುಡದ ಮಣ್ಣನ್ನು ಕೈಯಿಂದ ಸರಿಸಿ, “ತಡೀರಿ ತಂಗಿ, ಇಷ್ಟು ದಿನಾ ನೀವು ನೀರುಣಿಸಿದ್ದು ನಿಮ್ಮ ಅತ್ತಿಯವರ ಗಿಡಕ್ಕಲ್ಲ, ಬರೇ ಅದರ ಬೇರಿಗೆ” ಎಂದರು.

ಕಸಿಯ ಗುಟ್ಟು

ಇಂದು ಮಾರಾಟವಾಗುವ ದೊಡ್ಡ ಹೂವಿನ ಗುಲಾಬಿಗಳಲ್ಲಿ ಬಹುಪಾಲು ‘ಹೈಬ್ರಿಡ್ ಟೀ’ ವರ್ಗದವು. 1867ರಲ್ಲಿ ಬೆಳಕಿಗೆ ಬಂದ ‘ಲಾ ಫ್ರಾನ್ಸ್’ ಎಂಬ ತಳಿಯನ್ನು ಈ ವರ್ಗದ ಮೊದಲನೆಯದೆಂದು ಎಣಿಸುತ್ತಾರೆ. ನಮ್ಮ ದೇಶದಲ್ಲಿ ಗೋದಿಯ ತಳಿವಿಜ್ಞಾನಿಯೆಂದು ಹೆಸರಾದ ಡಾ. ಬಿ. ಪಿ. ಪಾಲ್ (1906–1989) ಅವರೇ ನಮ್ಮ ಹವೆಗೆ ಹೊಂದುವ ಅನೇಕ ಗುಲಾಬಿ ತಳಿಗಳನ್ನೂ ಸೃಷ್ಟಿಸಿದರು. ಇಂಥ ತಳಿಗಳ ಬೇರು ಸಾಮಾನ್ಯವಾಗಿ ಅಷ್ಟು ಗಟ್ಟಿಯಲ್ಲ. ಆದುದರಿಂದ ಗಟ್ಟಿಮುಟ್ಟಾದ ಕಾಡುಗುಲಾಬಿಯ ಕಾಂಡಕ್ಕೆ ಉತ್ತಮ ತಳಿಯ ಒಂದು ಕಣ್ಣನ್ನು ಕೂಡಿಸಿ ಸಸಿ ಮಾಡುತ್ತಾರೆ. ಇದೇ ಕಣ್ಣುಕಸಿ. ಕೆಳಗಿನ ಬೇರು ಒಂದು ಜಾತಿಯದು, ಮೇಲಿನ ಹೂ ಇನ್ನೊಂದು ಜಾತಿಯದು. ಎರಡೂ ಕೂಡಿದ ಸ್ಥಳದಲ್ಲಿ ಒಂದು ಗಂಟಿರುತ್ತದೆ.

ಈ ಗಂಟಿನ ಕೆಳಗಿನಿಂದ ಹೊರಡುವ ಚಿಗುರು ಕಾಡುಗುಲಾಬಿಯದು. ಬೇರು ತನ್ನದೇ ಆದುದರಿಂದ ಅದು ಭರದಿಂದ ಬೆಳೆದು, ಮೇಲಿನ ತಳಿಗೆ ಆಹಾರ ದೊರೆಯದಂತೆ ಮಾಡಿ ಕ್ರಮೇಣ ಒಣಗಿಸಿಬಿಡುತ್ತದೆ. ಏಳು ಎಲೆಗಳಿದ್ದರೆ ಕಾಡುಗಿಡ, ಐದಿದ್ದರೆ ಒಳ್ಳೆಯ ಗಿಡ ಎಂಬ ಮಾತು ಎಲ್ಲ ತಳಿಗಳಿಗೂ ಸಲ್ಲದು. ಚಿಗುರಿನ ಮೂಲವನ್ನು ಮಣ್ಣು ಸರಿಸಿ ನೋಡುವುದೇ ನಿಜವಾದ ಪರೀಕ್ಷೆ. ಗಂಟಿನ ಕೆಳಗಿನದಾಗಿದ್ದರೆ ಅದನ್ನು ಕತ್ತರಿಸಬಾರದು. ಕತ್ತರಿಸಿದರೆ ಉಳಿದ ಬುಡದಿಂದ ಮತ್ತೆ ನಾಲ್ಕು ಏಳುತ್ತವೆ. ಎಳೆಯದಿರುವಾಗಲೇ ಹಿಡಿದು ಬುಡಸಹಿತ ಸೀಳಿ ತೆಗೆಯಬೇಕು.

ನೆಡುವ ಕ್ರಮ

ದಿನಕ್ಕೆ ಕನಿಷ್ಠ ಆರು ತಾಸು ಬಿಸಿಲು ಬೀಳುವ, ನೀರು ನಿಲ್ಲದ ಸ್ಥಳ ಗುಲಾಬಿಗೆ ಬೇಕು. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಕೆಲವು ದಿನ ಬಿಸಿಲಿಗೆ ಬಿಟ್ಟು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಗೂ ಒಂದು ಹಿಡಿ ಬೇವಿನ ಹಿಂಡಿಯನ್ನು ಮಣ್ಣಿಗೆ ಬೆರೆಸಿ ತುಂಬಬೇಕು. ಎರೆಮಣ್ಣಾದರೆ ಮರಳನ್ನೂ ಸೇರಿಸುವುದು ಒಳ್ಳೆಯದು. ರಂಜಕಕ್ಕಾಗಿ ಮೂಳೆಪುಡಿಯನ್ನು ಹಾಕುವ ರೂಢಿಯುಂಟು. ಅದನ್ನು ಮುಟ್ಟಲು ಮನಸ್ಸೊಪ್ಪದ ಮನೆಗಳವರು ಸೂಪರ್ ಫಾಸ್ಫೇಟ್ ಬಳಸಬಹುದು. ಕಸಿಯ ಗಂಟು ನೆಲದಿಂದ ಎರಡು ಬೆರಳು ಮೇಲಿರುವಂತೆ ನೆಡಬೇಕು. ಗಂಟು ಹೂತುಹೋದರೆ ಯಾವ ಚಿಗುರು ಎಲ್ಲಿಂದ ಬಂದಿತೆಂದು ತಿಳಿಯುವುದು ಕಷ್ಟ. ಕುಂಡವಾದರೆ ಹನ್ನೆರಡು ಅಂಗುಲಕ್ಕಿಂತ ಕಿರಿದಾಗಿರಬಾರದು.

ಸವರುವಿಕೆ

ಗುಲಾಬಿಯ ಹೂ ಹೊಸ ಚಿಗುರಿನ ತುದಿಯಲ್ಲಿ ಬರುತ್ತದೆ. ಆದ್ದರಿಂದ ಸವರಲು ಅಂಜುವ ಕೈಗೆ ಒಳ್ಳೆಯ ಹೂ ಸಿಗುವುದಿಲ್ಲ. ನಮ್ಮ ನಾಡಿನಲ್ಲಿ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ತಿಂಗಳಲ್ಲಿ, ಈ ಕೆಲಸ ಮಾಡುವುದು ವಾಡಿಕೆ. ಒಣಗಿದ, ರೋಗ ಹಿಡಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ತೆಗೆದು, ಗಟ್ಟಿಯಾದ ನಾಲ್ಕೈದನ್ನು ಉಳಿಸಿ, ಹೊರಮುಖವಾಗಿರುವ ಕಣ್ಣಿನ ತುಸು ಮೇಲೆ ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಬೇಕು. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿದರೆ ತುದಿಯಿಂದ ಒಣಗುತ್ತ ಬರುವ ರೋಗ ತಡೆಯುತ್ತದೆ. ಅಲ್ಲಿಂದ ಸುಮಾರು ಆರೇಳು ವಾರಗಳಲ್ಲಿ ಹೂ ಕಾಣುತ್ತದೆ.

ರೋಗ ಮತ್ತು ಕೀಟ

ಮಳೆಗಾಲದಲ್ಲಿ ಎಲೆಗಳ ಮೇಲೆ ಕರಿಚುಕ್ಕೆ ಮೂಡಿ, ಹಳದಿಯಾಗಿ ಉದುರುವುದು ಸಾಮಾನ್ಯ. ಎಲೆಯ ಮೇಲೆ ತಾಸುಗಟ್ಟಲೆ ತೇವ ನಿಂತಾಗ ಈ ಶಿಲೀಂಧ್ರ ಮೊಳೆಯುತ್ತದೆ. ಆದ್ದರಿಂದ ಸಂಜೆ ಗಿಡದ ಮೈಮೇಲೆ ನೀರು ಚಿಮುಕಿಸುವ ಅಭ್ಯಾಸವನ್ನು ಬಿಟ್ಟು, ಬೆಳಿಗ್ಗೆ ಬುಡಕ್ಕೆ ನೀರುಣಿಸಬೇಕು. ಉದುರಿದ ಎಲೆಗಳನ್ನು ಆರಿಸಿ ದೂರ ಹಾಕಬೇಕು. ಸಸ್ಯಹೇನು ಮುತ್ತಿದರೆ ಲೀಟರು ನೀರಿಗೆ ಒಂದು ಚಹಾ ಚಮಚ ಬೇವಿನೆಣ್ಣೆ, ತುಸು ಸಾಬೂನು ನೀರು ಬೆರೆಸಿ ಬಿಸಿಲು ಇಳಿದ ಮೇಲೆ ಸಿಂಪಡಿಸಬಹುದು. ಗುಲ್ಕಂದಕ್ಕೆ ದಳ ಬಳಸುವ ಗಿಡಕ್ಕೆ ಯಾವ ರಾಸಾಯನಿಕ ವಿಷವನ್ನೂ ಹೊಡೆಯಕೂಡದು. ಅಂಗಡಿಯ ಹೂವನ್ನಂತೂ ಅದಕ್ಕೆ ಬಳಸಲೇಬಾರದು. ಇಷ್ಟೆಲ್ಲ ನಿಗಾ ಸಾಧ್ಯವಾಗದವರು ಕಡ್ಡಿಯಿಂದಲೇ ಬೇರೂರುವ, ಪರಿಮಳದ ಎಡ್ವರ್ಡ್ ಗುಲಾಬಿಯನ್ನು ಬೆಳೆಸಲಿ. ಅದರಲ್ಲಿ ಬೇರೂ ಹೂವೂ ಒಂದೇ ಜಾತಿಯವಾದ್ದರಿಂದ ಕಾಡುಚಿಗುರಿನ ಭಯವಿಲ್ಲ.

ಉಳಿದ ಒಂದು ಕಣ್ಣು

ನಮ್ಮ ಹಳೆಯ ಗಿಡದಲ್ಲಿ ಆ ದಿನ ಗಂಟಿನ ಮೇಲೆ ಜೀವವಿದ್ದುದು ಪೆನ್ಸಿಲ್ ಗಾತ್ರದ ಒಂದೇ ಕಡ್ಡಿಗೆ. ಹಿರಿಯರು ಕಾಡುಚಿಗುರುಗಳನ್ನೆಲ್ಲ ಸೀಳಿ ತೆಗೆದರು. ಆದರೆ ಅವುಗಳನ್ನು ಎಸೆಯಗೊಡದೆ, ತುಂಡುಮಾಡಿ ಪಾತಿಯಲ್ಲಿ ಊರಿಸಿದರು. ಜನವರಿಯ ಹೊತ್ತಿಗೆ ಅವು ಬೇರೂರಿ ಬಲಿತಿದ್ದವು. ಅವುಗಳ ತೊಗಟೆಯನ್ನು ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸೀಳಿ, ಅತ್ತೆಯವರ ಗಿಡದ ಮೂರು ಕಣ್ಣುಗಳನ್ನು ಸೇರಿಸಿ ಪಟ್ಟಿ ಕಟ್ಟಿದರು. ಎರಡು ಕರ್ರಗಾಗಿ ಒಣಗಿದವು. ಮೂರನೆಯದು ಮೂರು ವಾರ ಕಳೆದರೂ ಹಸಿರಾಗಿತ್ತು. ಆ ಬೇಸಿಗೆಯಲ್ಲಿಯೇ ಹಳೆಯ ಗಿಡ ಪೂರ್ಣ ಒಣಗಿಹೋಯಿತು.

ಈಗ ಹಿತ್ತಲಿನಲ್ಲಿ ಹೂ ಬಿಡುತ್ತಿರುವುದು ಆ ಒಂದು ಕಣ್ಣಿನಿಂದ ಬೆಳೆದ ಗಿಡ. ಒಂದು ವರ್ಷ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ. ಓದುಗ ಸೋದರಿಯರು ನಾಳೆ ಬೆಳಿಗ್ಗೆ ನೀರು ಹಾಕುವ ಮುನ್ನ, ತಮ್ಮ ಗುಲಾಬಿಯ ಬುಡದ ಮಣ್ಣನ್ನು ಒಮ್ಮೆ ಸರಿಸಿ, ಗಂಟು ಎಲ್ಲಿದೆ, ಚಿಗುರು ಎಲ್ಲಿಂದ ಬಂದಿದೆ ಎಂದು ನೋಡಲಿ.