ಮಲೆನಾಡಿನ ಮನೆ ಮತ್ತು ಮಳೆಗಾಲದ ಅನ್ನ

ಪಶ್ಚಿಮ ಘಟ್ಟದ ಮಲೆನಾಡು ಸದಾ ಹಸಿರಾಗಿರುವ ಪ್ರದೇಶ. ಆಗುಂಬೆಯಂತಹ ಸ್ಥಳಗಳಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಂತಹ ನಾಡಿನ ಒಂಟಿಮನೆಗಳಲ್ಲಿಯೂ ಆಹಾರದ ಕೊರತೆ ತಲೆದೋರುವುದುಂಟು. ಇದರ ಕಾರಣಗಳನ್ನು ಪತಿಪತ್ನಿಯರಿಬ್ಬರೂ ಅರಿತಿರುವುದು ಅವಶ್ಯಕ.

ಕೊರತೆಯ ಕಾಲ

ಬತ್ತದ ಕೊಯ್ಲು ಸಾಮಾನ್ಯವಾಗಿ ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಮರುವರ್ಷದ ಆಷಾಢದ ವೇಳೆಗೆ ಸಣ್ಣ ಹಿಡುವಳಿದಾರರ ಕಣಜ ಬರಿದಾಗತೊಡಗುತ್ತದೆ. ಕಾಫಿ ಕೊಯ್ಲಿನ ಕೂಲಿಯು ಮಾರ್ಚ್ ವೇಳೆಗೇ ಮುಗಿದಿರುತ್ತದೆ. ಇದೇ ಸಮಯದಲ್ಲಿ ಹಳ್ಳಗಳು ಉಕ್ಕಿ ದಾರಿಗಳು ಮುಚ್ಚುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಅನೇಕ ಗ್ರಾಮಗಳ ಸಂಪರ್ಕವೇ ಕಡಿದುಹೋಗಿತ್ತು. ಹೀಗೆ ಧಾನ್ಯ, ಹಣ, ದಾರಿ ಈ ಮೂರೂ ಒಟ್ಟಿಗೆ ಕ್ಷೀಣಿಸುವ ದಿನಗಳಲ್ಲಿಯೇ ನಾಟಿಯ ಕಠಿಣ ದುಡಿಮೆ ಹೆಂಗಸರ ಮೇಲೆ ಬೀಳುತ್ತದೆ.

ಸಂಗ್ರಹಣೆ

ಮೇ ತಿಂಗಳ ಬಿಸಿಲಿನಲ್ಲಿಯೇ ಧಾನ್ಯ, ಬೇಳೆಗಳನ್ನು ಚೆನ್ನಾಗಿ ಒಣಗಿಸಿ, ನೆಲಕ್ಕೂ ಗೋಡೆಗೂ ತಾಗದಂತೆ ಮಣೆಯ ಮೇಲೆ ಇರಿಸಬೇಕು. ಬೂಷ್ಟು ಹಿಡಿದ ಧಾನ್ಯದಲ್ಲಿ ಯಕೃತ್ತಿಗೆ ಹಾನಿಮಾಡುವ ವಿಷ ಹುಟ್ಟಬಹುದು. ಬೇಯಿಸಿದರೂ ಅದು ಪೂರ್ಣವಾಗಿ ನಾಶವಾಗದು. ಹಲಸಿನ ಬೀಜ, ಹಪ್ಪಳ, ಉಪ್ಪಿನಲ್ಲಿಟ್ಟ ಸೊಳೆ ಇವು ನಮ್ಮ ಹಿರಿಯರು ಮಳೆಗಾಲಕ್ಕೆಂದು ಕಂಡುಕೊಂಡ ಉಪಾಯಗಳು. ಕಳಲೆಯನ್ನು ಮಾತ್ರ ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ಪ್ರತಿದಿನವೂ ನೀರು ಬದಲಿಸಿ, ಚೆನ್ನಾಗಿ ಬೇಯಿಸಿದ ಮೇಲೆಯೇ ತಿನ್ನಬೇಕು. ಹಸಿಯ ಕಳಲೆಯಲ್ಲಿ ವಿಷಾಂಶವಿರುತ್ತದೆ.

ಪಡಿತರ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯದ ಹಕ್ಕಿದೆ. ಆದ್ಯತಾ ಕುಟುಂಬದ ಪಾಲು ತಲೆಯೆಣಿಕೆಯಂತೆ ದೊರೆಯುವುದರಿಂದ, ಮದುವೆಯಾಗಿ ಬಂದ ಸೊಸೆಯ ಹೆಸರನ್ನೂ ಹುಟ್ಟಿದ ಮಗುವಿನ ಹೆಸರನ್ನೂ ಪಡಿತರ ಚೀಟಿಗೆ ಸೇರಿಸಲು ತಡಮಾಡಬಾರದು.

ಮನೆಯೊಳಗಿನ ಹಂಚಿಕೆ

ಕಣಜದಲ್ಲಿ ಧಾನ್ಯವಿದ್ದ ಮಾತ್ರಕ್ಕೆ ಮನೆಮಂದಿಯೆಲ್ಲರ ಹೊಟ್ಟೆ ತುಂಬಿತೆಂದು ಹೇಳಲಾಗದು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ಗೃಹಿಣಿಗೆ ಕೊರತೆಯ ದಿನಗಳಲ್ಲಿ ಉಳಿಯುವುದು ಗಂಜಿಯ ತಿಳಿ ಮಾತ್ರ. ಆಕೆ ಗರ್ಭಿಣಿಯಾಗಿದ್ದರೆ ಈ ಹಸಿವು ಮಗುವನ್ನೂ ತಟ್ಟುತ್ತದೆ. ರಕ್ತಹೀನತೆ ಉಂಟಾಗುತ್ತದೆ, ಶಿಶು ಕಡಿಮೆ ತೂಕದ್ದಾಗಿ ಜನಿಸಬಹುದು. ಆದ್ದರಿಂದ ಗಂಡಹೆಂಡಿರು ಜೊತೆಯಲ್ಲಿ ಕುಳಿತು ಉಣ್ಣುವುದು ಒಳ್ಳೆಯದು. ಬೇಳೆ, ಸೊಪ್ಪು, ಮೊಟ್ಟೆ, ಮೀನುಗಳಲ್ಲಿ ಗರ್ಭಿಣಿಗೆ ಮೊದಲ ಪಾಲು ಸಲ್ಲಬೇಕು. ನಾಲ್ಕನೆಯ ತಿಂಗಳಿನಿಂದ 180 ದಿನ ಹಾಗೂ ಹೆರಿಗೆಯ ನಂತರ 180 ದಿನ, ದಿನಕ್ಕೊಂದರಂತೆ ಕಬ್ಬಿಣಾಂಶದ ಮಾತ್ರೆಯನ್ನು ಸೇವಿಸಬೇಕು. ಮಳೆ ಹಿಡಿಯುವ ಮೊದಲೇ ಅಂಗನವಾಡಿಯಲ್ಲಿ ಹೆಸರು ನೋಂದಾಯಿಸಿ, ಆರೋಗ್ಯ ಕಾರ್ಯಕರ್ತೆಯಿಂದ ಮಾತ್ರೆಗಳನ್ನು ಪಡೆದಿಟ್ಟುಕೊಳ್ಳುವುದು ಜಾಣತನ.

ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಧಾರಣೆಗೆ ಕನಿಷ್ಠ 2 ವರ್ಷ ಅಂತರವಿದ್ದರೆ ತಾಯಿಯ ದೇಹ ಚೇತರಿಸಿಕೊಳ್ಳುತ್ತದೆ. ಎಳೆಯ ಮಗುವಿಗೆ ಎದೆಹಾಲೂ ಆರೈಕೆಯೂ ತಪ್ಪುವುದಿಲ್ಲ. ಅಂತರದ ವಿಧಾನಗಳ ಬಗ್ಗೆ ಸಮೀಪದ ಆರೋಗ್ಯ ಕೇಂದ್ರದಲ್ಲಿ ದಂಪತಿಗಳಿಬ್ಬರೂ ಕೂಡಿ ವಿಚಾರಿಸಬಹುದು.

ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಮಳೆಗೆ ಮುನ್ನ ಕೂಡಿಡುವುದು, ಇದ್ದುದನ್ನು ಸರಿಯಾಗಿ ಹಂಚಿಕೊಳ್ಳುವುದು ನಮ್ಮ ಕೈಯಲ್ಲಿದೆ.